ಹಂಗಾರಕಟ್ಟೆಯ ಮೇಲೂ ಹಿಮ ಬೀಳುತ್ತದೆ!

ಮಕ್ಕಳೇ, ಜೂನ್–ಜುಲೈ ತಿಂಗಳ ರಾತ್ರಿ ಮಲಗುವ ಮುಂಚೆ ನೀವು ದೇವರಲ್ಲಿ ಏನು ಬೇಡಿಕೊಳ್ಳುತ್ತೀರಿ ಅಂತ ನನಗೆ ಗೊತ್ತು. "ರಾತ್ರಿಯಿಡೀ ಜೋರು ಮಳೆ ಬರಲಿ, ಬೆಳಗಾಗುವಷ್ಟರಲ್ಲಿ ಡೀಸಿಯವರು ರಜೆ ಕೊಟ್ಟಿರಲಿ." ನಾಚಿಕೊಳ್ಳಬೇಡಿ, ನಾವೂ ಹಾಗೆ ಬೇಡಿಕೊಂಡವರೇ. ನಿಮಗೆ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ನಮಗೆ ಕೊಡೆ ಹಿಡಿದು, ಅರ್ಧ ನೆನೆದು, ಶಾಲೆಯ ಜಗಲಿ ಹತ್ತಿದ ಮೇಲೇ ಗೊತ್ತಾಗುತ್ತಿತ್ತು.

ನಿಮ್ಮಲ್ಲಿ ಕೆಲವರ ಮಾವನೋ ಚಿಕ್ಕಮ್ಮನೋ ಕೆನಡಾದಲ್ಲೋ ಅಮೆರಿಕದಲ್ಲೋ ಇರಬಹುದು. ಅಲ್ಲಿನ ಮಕ್ಕಳೂ ಇದೇ ಬಗೆಯ ರಜೆಗೆ ಹಂಬಲಿಸುತ್ತಾರೆ, ಆದರೆ ಜನವರಿಯಲ್ಲಿ. ಅಲ್ಲಿ ರಾತ್ರಿ ಹಿಮ ಸುರಿದು ರಸ್ತೆ ಮುಚ್ಚಿಹೋದರೆ ಶಾಲೆಯ ಬಸ್ಸು ರದ್ದು, ಕೆಲವೊಮ್ಮೆ ಶಾಲೆಗೇ ರಜೆ. ವೀಡಿಯೋ ಕರೆಯಲ್ಲಿ ಆ ಬಿಳಿ ಅಂಗಳ ನೋಡಿದಾಗ ನಿಮಗೊಂದು ಪ್ರಶ್ನೆ ಬಂದೇ ಬರುತ್ತದೆ: ನಮ್ಮ ಹಂಗಾರಕಟ್ಟೆಯಲ್ಲಿ ಹಿಮ ಯಾಕೆ ಬೀಳುವುದಿಲ್ಲ?

ಈ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಹಿಮ ಹಂಗಾರಕಟ್ಟೆಯ ಮೇಲೂ ಬೀಳುತ್ತದೆ. ಆದರೆ ನೆಲ ಮುಟ್ಟುವುದಿಲ್ಲ.

ಮೇಲೆ ಮೇಲೆ ಹೋದಂತೆ ಚಳಿ

ಮೊದಲು ಕೆಳಗಿನ ಕಥೆ ನೋಡೋಣ. ಹಂಗಾರಕಟ್ಟೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿಮೂರೂವರೆ ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಲ್ಲುತ್ತಾನೆ. ಜೊತೆಗೆ ಪಕ್ಕದಲ್ಲಿ ಅರಬ್ಬಿ ಸಮುದ್ರವಿದೆ. ನೀರು ನಿಧಾನಕ್ಕೆ ಬಿಸಿಯಾಗುತ್ತದೆ, ನಿಧಾನಕ್ಕೆ ತಣಿಯುತ್ತದೆ. ಹಾಗಾಗಿ ಡಿಸೆಂಬರ್ ರಾತ್ರಿಯಲ್ಲೂ ನಮ್ಮ ಕರಾವಳಿಯ ಗಾಳಿ ಹೆಚ್ಚು ತಣ್ಣಗಾಗದಂತೆ ಸಮುದ್ರ ನೋಡಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟಲು ಬೇಕಾದದ್ದು ಸೊನ್ನೆ ಡಿಗ್ರಿ. ನಮ್ಮಲ್ಲಿ ಚಳಿ ಅನ್ನಿಸಿ ಹೊದಿಕೆ ಎಳೆದುಕೊಳ್ಳುವಾಗಲೂ ಹೊರಗೆ 20 ಡಿಗ್ರಿಯ ಆಸುಪಾಸು ಇರುತ್ತದೆ!

ಈಗ ಮನಸ್ಸಿನಲ್ಲೇ ಮೇಲಕ್ಕೆ ಏರೋಣ. ನೆಲದಿಂದ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಮಳೆಗಾಲದ ತೇವದ ಗಾಳಿ ಪ್ರತಿ ಒಂದು ಕಿಲೋಮೀಟರ್ ಏರಿದಾಗ ಸರಾಸರಿ ಐದಾರು ಡಿಗ್ರಿ ತಣಿಯುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ನಮ್ಮ ದೋಣಿ ಕಡವಿನ ಹತ್ತಿರ 27 ಡಿಗ್ರಿ ಇದ್ದರೆ, ಎಷ್ಟು ಎತ್ತರದಲ್ಲಿ ಅದು ಸೊನ್ನೆಗೆ ಇಳಿಯುತ್ತದೆ? ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ.

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಅದರ ಎತ್ತರ ಎರಡು ಕಿಲೋಮೀಟರಿಗೂ ಕಡಿಮೆ. ನಮ್ಮ ಕೊಡಚಾದ್ರಿ ಇನ್ನೂ ಗಿಡ್ಡ, 1,343 ಮೀಟರ್. ಹಾಗಾಗಿ ನಮ್ಮ ಯಾವ ಬೆಟ್ಟದ ತಲೆಗೂ ಆ ಸೊನ್ನೆ ಡಿಗ್ರಿಯ ಗೆರೆ ಎಟುಕುವುದಿಲ್ಲ. ಮೋಡಗಳ ವಿಷಯ ಬೇರೆ. ಸಮುದ್ರದ ಮೇಲೆ ದೊಡ್ಡ ತೂಫಾನ್ ಎದ್ದಾಗ ಕಪ್ಪು ಮೋಡಗಳು ಹತ್ತು ಕಿಲೋಮೀಟರಿಗೂ ಮೇಲಕ್ಕೆ ಬೆಳೆಯುತ್ತವೆ. ಆ ಮೋಡದ ಕೆಳಭಾಗದಲ್ಲಿ ನೀರಹನಿಗಳಿದ್ದರೆ ಮೇಲ್ಭಾಗದಲ್ಲಿ ಮಂಜಿನ ಹರಳುಗಳಿರುತ್ತವೆ. ಜುಲೈ ತಿಂಗಳಲ್ಲಿ, ನಿಮ್ಮ ತಲೆಯ ಮೇಲೇ!

ಆರು ಮೂಲೆಯ ಹರಳು

ಈ ಹರಳುಗಳನ್ನು ಕಣ್ಣಾರೆ ಕಂಡವರು ಏನು ಹೇಳುತ್ತಾರೆ? ಅಮೆರಿಕದ ವರ್ಮಾಂಟ್ ಎಂಬಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತರಿದ್ದರು. 1885ರಲ್ಲಿ ಅವರು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹಿಮದ ಹರಳಿನ ಚಿತ್ರ ತೆಗೆದರು. ಆಮೇಲೆ ಜೀವಮಾನವಿಡೀ ಅದೇ ಹುಚ್ಚು. ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದರು. ಜಪಾನಿನ ಉಕಿಚಿರೋ ನಾಕಾಯಾ ಎಂಬ ವಿಜ್ಞಾನಿ 1936ರಲ್ಲಿ ಪ್ರಯೋಗಾಲಯದ ಶೀತಕೋಣೆಯಲ್ಲೇ ಹಿಮದ ಹರಳು ಬೆಳೆಸಿ ತೋರಿಸಿದರು. ಗಾಳಿಯ ತಂಪು ಎಷ್ಟು, ತೇವ ಎಷ್ಟು ಎಂಬುದರ ಮೇಲೆ ಹರಳಿನ ಆಕಾರ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. ಒಮ್ಮೆ ಸೂಜಿ, ಒಮ್ಮೆ ತಟ್ಟೆ, ಒಮ್ಮೆ ಕೊಂಬೆರೆಂಬೆ ಚಾಚಿದ ನಕ್ಷತ್ರ. ಆದರೂ ಎಲ್ಲದರ ಹಿಂದೆ ಆರರ ಲೆಕ್ಕವೇ ಇದೆ. ಹೆಪ್ಪುಗಟ್ಟುವಾಗ ನೀರಿನ ಅಣುಗಳು ಆರು ಮೂಲೆಯ ಉಂಗುರಗಳಾಗಿ ಕೈ ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ.

ಸರಿ, ಮೇಲಿನ ಹರಳು ಕೆಳಗೆ ಬರುವಾಗ ಏನಾಗುತ್ತದೆ? ಸುತ್ತಲಿನ ನೀರಾವಿಯನ್ನು ಹೀರಿ ಅದು ಬೆಳೆಯುತ್ತದೆ, ಬೇರೆ ಹರಳುಗಳಿಗೆ ಅಂಟಿಕೊಳ್ಳುತ್ತದೆ, ಭಾರವಾಗಿ ಇಳಿಯತೊಡಗುತ್ತದೆ. ಹಿಮದ ಎಸಳು ಬಲು ಸಾವಕಾಶ, ಸೆಕೆಂಡಿಗೆ ಒಂದು ಮೀಟರಿನಷ್ಟು ಇಳಿಯುತ್ತದೆ. ಸೊನ್ನೆ ಡಿಗ್ರಿಯ ಗೆರೆ ದಾಟಿದ ಮೇಲೆ ಕೆಲವು ನೂರು ಮೀಟರಿನೊಳಗೆ ಕರಗಿ ನೀರಹನಿಯಾಗುತ್ತದೆ. ಅಲ್ಲಿಂದ ಕೆಳಗೆ ಓಟವೋ ಓಟ. ದೊಡ್ಡ ಮಳೆಹನಿ ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ಬೀಳುತ್ತದೆ. ಎಂದರೆ ಐದು ಕಿಲೋಮೀಟರ್ ಮೇಲಿದ್ದ ಹಿಮ, ಕರಗಿದ ಹತ್ತು ಹನ್ನೆರಡು ನಿಮಿಷಕ್ಕೆ ನಿಮ್ಮ ಕೊಡೆಯ ಮೇಲೆ ಪಟಪಟ ಅನ್ನುತ್ತದೆ.

ಮಳೆ ಹೀಗೆ ಹಿಮವಾಗಿ ಹುಟ್ಟಬಹುದು ಎಂದು 1930ರ ದಶಕದಲ್ಲಿ ವಿವರಿಸಿದವರು ಸ್ವೀಡನ್ನಿನ ತೂರ್ ಬರ್ಜರಾನ್. ಆದರೆ ನಮ್ಮ ಕಡೆಯ ಮಳೆಯೆಲ್ಲ ಹೀಗೇ ಹುಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಸಮುದ್ರದ ನೀರಾವಿಯನ್ನು ಹೊತ್ತು ತಂದು ಪಶ್ಚಿಮ ಘಟ್ಟಕ್ಕೆ ಒತ್ತುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಮೋಡ ಕಟ್ಟುತ್ತದೆ. ಇಂಥ ಎಷ್ಟೋ ಮೋಡಗಳು ಗಿಡ್ಡವಾಗಿಯೇ ಉಳಿಯುತ್ತವೆ, ಸೊನ್ನೆ ಡಿಗ್ರಿಯ ಗೆರೆ ಮುಟ್ಟುವುದೇ ಇಲ್ಲ. ಅವುಗಳೊಳಗೆ ಸಣ್ಣ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಸೇರಿ, ದೊಡ್ಡ ಹನಿಯಾಗುತ್ತವೆ. ಮೋಡದ ಒಂದು ಹನಿಯ ಅಡ್ಡಳತೆ ಮಿಲಿಮೀಟರಿನ ಐವತ್ತನೇ ಒಂದು ಭಾಗ. ಎರಡು ಮಿಲಿಮೀಟರಿನ ಒಂದು ಮಳೆಹನಿಯಾಗಲು ಅಂಥ ಹತ್ತು ಲಕ್ಷ ಹನಿಗಳು ಬೇಕು. ಮೋಡದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ನೋಡಲು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2009ರಿಂದ ವಿಮಾನಕ್ಕೆ ಉಪಕರಣ ಕಟ್ಟಿ ಮೋಡಗಳೊಳಗೇ ಹಾರಿ ಬಂದಿದ್ದಾರೆ.

ಹಾಗಾದರೆ ದಿನವಿಡೀ ಜಿನುಗುವ ಮಳೆ ಹೆಚ್ಚಾಗಿ ಗಿಡ್ಡ ಮೋಡದ್ದು. ಸಿಡಿಲು ಗುಡುಗಿನ ಜೊತೆ ದಪ್ಪ ಹನಿ ಸುರಿಸುವ ಮಳೆ ಎತ್ತರದ ಮೋಡದ್ದು. ಮುಂದಿನ ಸಲ ಅಂಥ ಮಳೆ ಬಂದಾಗ ನಿಮ್ಮ ತಮ್ಮನಿಗೆ ಹೇಳಿ, ಇದರಲ್ಲಿ ಕರಗಿದ ಹಿಮವೂ ಇದೆ ಅಂತ. ಅವನು ನಂಬುವುದಿಲ್ಲ. ನೀವು ಸೊನ್ನೆ ಡಿಗ್ರಿಯ ಎತ್ತರದ ಲೆಕ್ಕ ಮಾಡಿ ತೋರಿಸಿ.

ನಮ್ಮ ಮಳೆ ಹಿಮವಾಗಿದ್ದರೆ?

ಇನ್ನೊಂದು ಮೋಜಿನ ಲೆಕ್ಕ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ಹೊಸದಾಗಿ ಬಿದ್ದ ಹಿಮದ ನಡುವೆ ಗಾಳಿ ತುಂಬಿರುವುದರಿಂದ, ಅದೇ ಒಂದು ಮಿಲಿಮೀಟರ್ ನೀರು ಸುಮಾರು ಹತ್ತು ಮಿಲಿಮೀಟರ್ ಹಿಮವಾಗಿ ಹರಡುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಭಾರಿ ಮಳೆ. 115.6ರಿಂದ ಮೇಲೆ ಅತಿ ಭಾರಿ. 204.4ನ್ನೂ ದಾಟಿದರೆ ವಿಪರೀತ ಭಾರಿ ಮಳೆ. ಸಾಮಾನ್ಯವಾಗಿ ಇವಕ್ಕೇ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆ ಕೊಡುತ್ತಾರೆ. ಈ ಮೂರನೆಯ ಬಗೆಯ ಮಳೆ ಹಿಮವಾಗಿ ಬಿದ್ದಿದ್ದರೆ ಅಂಗಳದಲ್ಲಿ ಎರಡು ಮೀಟರ್ ಎತ್ತರ ನಿಲ್ಲುತ್ತಿತ್ತು. ಅಪ್ಪನ ತಲೆಯೂ ಮುಳುಗಿಹೋಗುತ್ತಿತ್ತು! ಕೆನಡಾದ ಟೊರೊಂಟೊ ನಗರದಲ್ಲಿ ಇಡೀ ಚಳಿಗಾಲ ಸೇರಿಸಿದರೂ ಸರಾಸರಿ ಬೀಳುವ ಹಿಮ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ಸೀತಾ ನದಿ ಬರುವ ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದನ್ನು ಹಿಮದ ಲೆಕ್ಕಕ್ಕೆ ತಿರುಗಿಸುವ ಕೆಲಸ ನಿಮಗೇ ಬಿಟ್ಟೆ.

ಹಿಮ ಬಿದ್ದ ಊರಿನಲ್ಲಿ ಬಸ್ಸು ಓಡಬೇಕಾದರೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ, ಉಪ್ಪುನೀರು ಹೆಪ್ಪುಗಟ್ಟಲು ಇನ್ನೂ ತಣ್ಣಗಾಗಬೇಕು. ಉಪ್ಪು ಸೇರಿದಾಗ ಮಂಜುಗಡ್ಡೆ ಕರಗಿ ರಸ್ತೆ ತೆರವಾಗುತ್ತದೆ. ತೀರಾ ಚಳಿಯಾದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಇದೇ ವಿದ್ಯೆಯನ್ನು ನಮ್ಮ ಮಲ್ಪೆ, ಗಂಗೊಳ್ಳಿಯ ಕಡೆಯ ಐಸ್ ಪ್ಲಾಂಟಿನವರು ತಿರುಗಿಸಿ ಬಳಸುತ್ತಾರೆ. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಸೊನ್ನೆಗಿಂತ ಕೆಳಕ್ಕೆ ತಣಿಸುತ್ತಾರೆ. ಅದು ನೀರಾಗಿಯೇ ಇರುತ್ತದೆ. ಅದರೊಳಗೆ ಸಿಹಿನೀರು ತುಂಬಿದ ಉದ್ದನೆಯ ಡಬ್ಬಿ ಇಳಿಸಿದರೆ ಡಬ್ಬಿಯ ನೀರು ಗಟ್ಟಿಯಾಗುತ್ತದೆ. ಮೀನಿಗೆ ಹಾಕುವ ಐಸಿನ ಬಾರು ಹುಟ್ಟುವುದು ಹೀಗೆ. ಮನೆಯಲ್ಲಿ ಫ್ರಿಜ್ ಇದ್ದರೆ ಒಂದು ಐಸ್ ತುಂಡಿನ ಮೇಲೆ ಒದ್ದೆ ನೂಲು ಇಟ್ಟು, ಚಿಟಿಕೆ ಉಪ್ಪು ಉದುರಿಸಿ, ಒಂದು ನಿಮಿಷ ಕಾಯಿರಿ. ಆಮೇಲೆ ನೂಲು ಎತ್ತಿ ನೋಡಿ. ಏನಾಯಿತು, ಯಾಕಾಯಿತು ಅಂತ ನಿಮ್ಮ ವಿಜ್ಞಾನದ ಟೀಚರ ಬಳಿ ಮಾತಾಡಿ.

ಕಡವಿನಲ್ಲಿ ದೋಣಿ ಯಾಕೆ ನಿಂತಿತು?

ಹಿಮದ ಊರಿನ ಕಷ್ಟ ಜಾರುವ ರಸ್ತೆ. ನಮ್ಮ ಊರಿನ ಕಷ್ಟ ಗಾಳಿ ಮತ್ತು ನೀರು. ಹಂಗಾರಕಟ್ಟೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸೀತಾ ಮತ್ತು ಸ್ವರ್ಣಾ ನದಿಗಳು ಇಲ್ಲೇ ಕೂಡಿ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಆಚೆ ದಡದಲ್ಲಿ ಕೋಡಿಬೆಂಗ್ರೆ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇರುವ ಮರಳಿನ ಪಟ್ಟಿ. ಕಣ್ಣಿಗೆ ಕಾಣುವಷ್ಟು ಹತ್ತಿರ. ದೋಣಿಯಲ್ಲೋ ಬಾರ್ಜಿನಲ್ಲೋ ಹೊರಟರೆ ಬೇಗ ಮುಟ್ಟಬಹುದು. ರಸ್ತೆಯಲ್ಲಿ ಹೋಗುವುದಾದರೆ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಎಲ್ಲ ಸುತ್ತಿ ಬರಬೇಕು.

ನಾನು ಚಿಕ್ಕವನಿದ್ದಾಗ ಕಡವಿನಲ್ಲಿ ಕೇಳಿದ ಮಾತೊಂದು ಈಗಲೂ ಕಿವಿಯಲ್ಲಿದೆ: "ಇವತ್ ಗಾಳಿ ಜೋರಿತ್ ಮಕ್ಳೇ, ದೋಣಿ ಬಿಡೂಕ್ ಆತ್ತಿಲ್ಲೆ." ಹೊಳೆ ಅಷ್ಟೇನೂ ಕೆರಳಿದಂತೆ ಕಾಣುತ್ತಿರಲಿಲ್ಲ. ನಮಗೆ ಸಿಟ್ಟು ಬರುತ್ತಿತ್ತು. ಆದರೆ ದೋಣಿಯವರ ಆ ಮಾತಿನ ಹಿಂದೆ ಗಟ್ಟಿ ವಿಜ್ಞಾನವಿತ್ತು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ಎಷ್ಟಾಗುತ್ತದೆ? ಎರಡು ಪಟ್ಟು ಅಂದಿರಾ? ಅಲ್ಲ, ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ನೂಕು ಒಂಬತ್ತು ಪಟ್ಟು. ಒಂದು ಮೀಟರ್ ಅಗಲದ ಕೊಡೆಯನ್ನು ಗಾಳಿಗೆ ಅಡ್ಡ ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. ಗಂಟೆಗೆ 25 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು ಎರಡೂವರೆ ಕಿಲೋ ಭಾರದಷ್ಟು ನೂಕುತ್ತದೆ. ಹಿಡಿದುಕೊಳ್ಳಬಹುದು. ಗಾಳಿ 50 ಕಿಲೋಮೀಟರಿಗೆ ಏರಿದರೆ ಯಾರೋ ಹತ್ತು ಕಿಲೋ ಅಕ್ಕಿ ಚೀಲವನ್ನು ಕೊಡೆಗೆ ಕಟ್ಟಿ ಎಳೆದ ಹಾಗೆ. ಕೊಡೆ ಉಲ್ಟಾ ಆಗುವುದು ನಿಮ್ಮ ತಪ್ಪಲ್ಲ!

ಅಳಿವೆಯಲ್ಲಿ ಇನ್ನೂ ಎರಡು ಸಂಗತಿ ಸೇರುತ್ತವೆ. ಒಂದು, ಕಡಲಿನ ಅಲೆ ಆಳ ಕಡಿಮೆಯಾದ ಜಾಗಕ್ಕೆ ಬಂದಾಗ ಅದರ ಓಟ ನಿಧಾನವಾಗುತ್ತದೆ, ಎತ್ತರ ಹೆಚ್ಚುತ್ತದೆ, ಕೊನೆಗೆ ಮುರಿದು ಬೀಳುತ್ತದೆ. ಅಳಿವೆಯ ಬಾಯಿಯಲ್ಲಿ ಮರಳು ತುಂಬಿದ್ದರೆ ಅಲ್ಲೇ ಅಲೆ ಮುರಿಯುತ್ತದೆ. ಎರಡು, ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಘಟ್ಟದ ಮೇಲೆ ಮಳೆ ಬಿದ್ದು ಹೊಳೆ ತುಂಬಿರುವಾಗ ಇಳಿತವೂ ಸೇರಿದರೆ ನೀರು ರಭಸದಿಂದ ಕಡಲಿಗೆ ನುಗ್ಗುತ್ತದೆ. ಎದುರಿನಿಂದ ಅಲೆ ಬರುತ್ತಿರುತ್ತದೆ. ಎದುರು ಹರಿವಿಗೆ ಸಿಕ್ಕ ಅಲೆ ಗಿಡ್ಡ ಉದ್ದದ, ಕಡಿದಾದ ಗೋಡೆಯಾಗಿ ಏಳುತ್ತದೆ. ಅಂಥ ಅಲೆ ದೋಣಿಯನ್ನು ಮಗುಚುತ್ತದೆ. ಒಳಹೊಳೆ ಶಾಂತವಾಗಿದ್ದರೂ ದೋಣಿಯವರು ಅಳಿವೆಯ ಕಡೆ, ಆಕಾಶದ ಕಡೆ, ನೀರಿನ ಬಣ್ಣದ ಕಡೆ ನೋಡಿ ತೀರ್ಮಾನ ಮಾಡುವುದು ಇದಕ್ಕೇ.

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದು ನಿಮಗೆ ಗೊತ್ತಲ್ಲ? ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಎಂಬುದು ಅದರ ಮುಖ್ಯ ಕಾರಣ. ಕಡಲು ಅತಿ ಒರಟಾಗಿರುವ ತಿಂಗಳುಗಳೂ ಅವೇ. ಹಾಗಾಗಿ ಈ ನಿಷೇಧ ಮೀನನ್ನೂ ಕಾಯುತ್ತದೆ, ಮೀನುಗಾರರನ್ನೂ ಕಾಯುತ್ತದೆ.

ಮೊಣಕಾಲು ಮಟ್ಟದ ನೀರು

ಗಾಳಿಗೆ ಹೇಳಿದ ಲೆಕ್ಕವೇ ಹರಿಯುವ ನೀರಿಗೂ ಸಲ್ಲುತ್ತದೆ. ವ್ಯತ್ಯಾಸ ಒಂದೇ, ನೀರು ಗಾಳಿಗಿಂತ ಎಂಟು ನೂರು ಪಟ್ಟು ಭಾರ. ಮೊಣಕಾಲು ಮುಳುಗುವಷ್ಟು ನೀರಿರುವ ತೋಡಿನಲ್ಲಿ ನೀವು ನಿಂತಿದ್ದೀರಿ. ನೀರು ಸೆಕೆಂಡಿಗೆ ಒಂದು ಮೀಟರ್, ಅಂದರೆ ನೀವು ನಡೆಯುವಷ್ಟೇ ವೇಗದಲ್ಲಿ ಹರಿದರೆ ನಿಮ್ಮ ಕಾಲುಗಳ ಮೇಲೆ ಬೀಳುವ ನೂಕು ಸುಮಾರು 4 ಕಿಲೋ ಭಾರದಷ್ಟು. ವೇಗ ಎರಡು ಮೀಟರ್ ಆದರೆ 16 ಕಿಲೋ. ಮೂರು ಮೀಟರ್ ಆದರೆ 36 ಕಿಲೋ. ನಿಮ್ಮಲ್ಲಿ ಎಷ್ಟೋ ಮಂದಿಯ ತೂಕ ಅಷ್ಟಿಲ್ಲ. ಅದರ ಮೇಲೆ ನೀರು ನಿಮ್ಮನ್ನು ಸ್ವಲ್ಪ ಎತ್ತುತ್ತದೆ, ಕಾಲಡಿಯ ಪಾಚಿ ಜಾರಿಸುತ್ತದೆ, ಕೆಂಪು ನೀರಿನೊಳಗೆ ಹೊಂಡ ಎಲ್ಲಿದೆಯೆಂದು ಕಾಣುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಒಳಊರುಗಳಲ್ಲಿ ಇಂದಿಗೂ ಎಷ್ಟೋ ಮಕ್ಕಳು ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಅಡಿಕೆ ಮರದ ಒಂದೆರಡು ಕಾಂಡ, ಹಿಡಿದುಕೊಳ್ಳಲು ಒಂದು ಬಳ್ಳಿಯೋ ಬಿದಿರೋ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥ ಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಳು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಜಿಲ್ಲಾಧಿಕಾರಿಯವರು ಕೊಡುವ ಮಳೆ ರಜೆ ಆಟಕ್ಕೆಂದು ಕೊಟ್ಟದ್ದಲ್ಲ, ಇಂಥ ದಾರಿಯಲ್ಲಿ ನಡೆಯುವ ಒಬ್ಬೊಬ್ಬ ಮಗುವನ್ನೂ ನೆನೆದು ಕೊಟ್ಟದ್ದು ಎಂದು ತಿಳಿಯಲಿ ಅಂತ ಹೇಳಿದೆ. ನಿಮ್ಮ ಮನೆ ಶಾಲೆಯ ಪಕ್ಕದಲ್ಲೇ ಇರಬಹುದು. ನಿಮ್ಮ ಬೆಂಚಿನ ಗೆಳತಿಯ ಮನೆ ತೋಡಿನ ಆಚೆ ಇರಬಹುದು.

ನೀವೇ ಅಳೆಯಿರಿ

ಈ ಮಳೆಗಾಲ ಒಂದು ಕೆಲಸ ಮಾಡಿ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬಿ ತೆಗೆದುಕೊಳ್ಳಿ. ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಅಗಲ ಇರಬೇಕು. ಮರ, ಮಾಡು ಯಾವುದೂ ಅಡ್ಡವಿಲ್ಲದ ಕಡೆ, ಗಾಳಿಗೆ ಬೀಳದಂತೆ ಅದನ್ನು ನಿಲ್ಲಿಸಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನಿಮ್ಮ ಸ್ಕೇಲಿನಿಂದ ನೀರಿನ ಎತ್ತರ ಅಳೆದು ಪುಸ್ತಕದಲ್ಲಿ ಬರೆದು, ಡಬ್ಬಿ ಖಾಲಿ ಮಾಡಿ ಮತ್ತೆ ಇಡಿ. ಹವಾಮಾನ ಇಲಾಖೆಯವರೂ ದಿನದ ಮಳೆ ಲೆಕ್ಕ ಹಾಕುವುದು ಬೆಳಿಗ್ಗೆ ಎಂಟೂವರೆಗೇ. ಎಂಟೂವರೆಗೆ ಶಾಲೆಯ ಬಸ್ಸಿನಲ್ಲಿರುವವರು ಅಜ್ಜಿಗೋ ಅಜ್ಜನಿಗೋ ಈ ಕೆಲಸ ಕಲಿಸಿಕೊಡಿ. ಮರುದಿನದ ಪತ್ರಿಕೆಯಲ್ಲಿ ಬಂದ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಿ. ಎರಡೂ ಒಂದೇ ಇರಬೇಕೆಂದಿಲ್ಲ. ಹಂಗಾರಕಟ್ಟೆಯಲ್ಲಿ ಸುರಿದ ಮಳೆ ಬ್ರಹ್ಮಾವರದಲ್ಲಿ ಸುರಿಯದೆ ಇರಬಹುದು.

ದಾರಿಯ ವಿಷಯದಲ್ಲಿ ಮೂರು ಮಾತು ನೆನಪಿಡಿ. ಸಂಕದ ಮೇಲೆ ನೀರು ಹತ್ತಿದ್ದರೆ ಕಾಲಿಡಬೇಡಿ, ಹಿಂದಕ್ಕೆ ಬನ್ನಿ, ದೊಡ್ಡವರನ್ನು ಕರೆಯಿರಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಗುಡುಗಿದರೆ ಗದ್ದೆ ಬಯಲಿನಲ್ಲಿ, ಮರದಡಿಯಲ್ಲಿ, ದೋಣಿಯಲ್ಲಿ ಇರಬಾರದು, ಮನೆಯೊಳಗೆ ಸೇರಿ. ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ದೋಣಿಯವರು ಇವತ್ತು ಬೇಡ ಅಂದರೆ ಹಟ ಮಾಡಬೇಡಿ. ಆ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.